ಎಡಕ್ಕೆ ಎಳೆಯುವ ಕೈ

ಅಪ್ಪ ತೀರಿಕೊಂಡ ಮೇಲೆ ಕುರ್ಚಿ ಅಂಗಡಿಯ ಶಟರ್ ಇನ್ನು ಮೇಲೇಳುವುದಿಲ್ಲ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ಎರಡೇ ವಾರಕ್ಕೆ ಅಕ್ಕ ಅದನ್ನು ಎತ್ತಿದಳು. ಅಪ್ಪನ ಚರ್ಮದ ಏಪ್ರನ್ನಿನ ದಾರವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟಿಕೊಂಡು ಮರ ಕೊಯ್ಯುವ ದೊಡ್ಡ ಬ್ಯಾಂಡ್‌ಸಾ ಯಂತ್ರದ ಮುಂದೆ ನಿಂತಳು. ಪಕ್ಕದ ಟೈಲರ್ ಇಣುಕಿ, "ಬೆರಳು ಜೋಪಾನ ಕಣಮ್ಮ" ಎಂದದ್ದಕ್ಕೆ, "ನಿಮ್ಮ ಸೂಜಿ ನೀವು ನೋಡ್ಕೊಳ್ಳಿ" ಎಂದಳು. ಆಮೇಲೆ ಆ ಬೀದಿಯಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಆಗ ಅಕ್ಕನಿಗೆ ಮೂವತ್ತೈದು, ಚಿಕ್ಕವಳಿಗೆ ಇಪ್ಪತ್ತೆರಡು. ಅಕ್ಕ ಹದಿನೈದಕ್ಕೇ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಮರದ ಹುಡಿ ಕುಡಿದು ಬೆಳೆದವಳು. ಚಿಕ್ಕವಳನ್ನು ಕಾಲೇಜು ಮುಗಿಸುವವರೆಗೂ ಓದಿಸಿದ್ದರು. ಓದು ಮುಗಿಸಿ ಬಂದವಳು "ನಾನೂ ಇಲ್ಲೇ ನಿಲ್ತೀನಿ" ಎಂದಾಗ ಅಕ್ಕ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಿದ್ದಳು. ಅಮ್ಮ ಬೇಗ ಹೋಗಿದ್ದರಿಂದ ಚಿಕ್ಕವಳ ತಲೆ ಬಾಚಿದ್ದು, ಅವಳಿಗೆ ಅಕ್ಷರ ತಿದ್ದಿಸಿದ್ದು, ಮೊದಲ ಸೈಕಲ್ಲಿನ ಹಿಂದೆ ಓಡಿದ್ದು ಎಲ್ಲವೂ ಅಕ್ಕನೇ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಭಾವ ಗ್ರಂಥಾಲಯದಲ್ಲಿ ಹಳೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಮೆತ್ತಗಿನ ಮನುಷ್ಯ, ಮನೆಯಲ್ಲೂ ಗ್ರಂಥಾಲಯದ ದನಿಯಲ್ಲೇ ಮಾತಾಡುವವರು. ಅಂಗಡಿ ಕೆಳಗೆ, ಮನೆ ಮೇಲೆ, ಮೂವರೂ ಒಂದೇ ಸೂರಿನಲ್ಲಿ.

ಅಲ್ಲಿ ಮಾಡುತ್ತಿದ್ದದ್ದು ತೂಗುಕುರ್ಚಿಗಳು. ಅಪ್ಪನ ಕಾಲದಿಂದಲೂ ಅವುಗಳ ತೋಳುಗಳಿಗೆ ಹೆಸರು. ಕೂತವರ ಮೊಣಕೈ ಎಲ್ಲಿ ಬರುತ್ತದೆ, ಬೆರಳು ಎಲ್ಲಿ ಇಳಿಬೀಳುತ್ತದೆ ಎಂದು ನೋಡಿ, ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಬ್ಯಾಂಡ್‌ಸಾದಲ್ಲಿ ಬರಿಗೈಯಿಂದ ಕತ್ತರಿಸುವುದು. ಆ ಯಂತ್ರದಲ್ಲಿ ಮೇಲೊಂದು ಕೆಳಗೊಂದು ಗಾಲಿ. ಎರಡನ್ನೂ ಬಳಸಿ ಬಿಗಿಯಾಗಿ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿಯೇ ಬ್ಲೇಡು. ನಡುವೆ ಒಂದು ಮೇಜು. ಮರವನ್ನು ಹಿಡಿದು ಬ್ಲೇಡಿನತ್ತ ನೂಕಬೇಕು. ಪಕ್ಕಕ್ಕೆ ಒರಗಿಸಲು ಆಸರೆ ಇರುವುದಿಲ್ಲ, ಮೇಲೆ ಅಚ್ಚು ಇರುವುದಿಲ್ಲ. ಗೆರೆ, ಕಣ್ಣು, ಕೈ ಅಷ್ಟೇ.

ಅಕ್ಕ ಚಿಕ್ಕವಳಿಗೆ ಕಲಿಸಿದ್ದು ಅಪ್ಪ ತನಗೆ ಕಲಿಸಿದ ಹಾಗೇ. ಬ್ಲೇಡನ್ನು ನೋಡಬೇಡ, ಅದಕ್ಕಿಂತ ಒಂದು ಬೆರಳು ಮುಂದಿನ ಗೆರೆ ನೋಡು. ಎಡಗೈ ಮೇಜಿನ ಮೇಲೆ ಊರಿರಲಿ, ಮರ ಅದರ ಸುತ್ತ ತಿರುಗಲಿ. ತಿರುವು ಕಡಿದಾಗಿದ್ದರೆ ಮೊದಲೇ ಪಕ್ಕದಿಂದ ನಾಲ್ಕಾರು ಸೀಳು ಕೊಟ್ಟಿರು, ಬೇಡದ ತುಂಡು ತಾನಾಗೇ ಉದುರಿ ದಾರಿ ಬಿಡುತ್ತದೆ. ಗೆರೆಯನ್ನು ತಿನ್ನಬೇಡ, ಅರ್ಧ ಉಳಿಸು. ಚಿಕ್ಕವಳು ಇದನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ದೊಡ್ಡ ಯಂತ್ರ ಅಕ್ಕನದು. ಮೂಲೆಯಲ್ಲಿದ್ದ ಸಣ್ಣದು ಚಿಕ್ಕವಳದು. ಮೊದಲ ಎಂಟು ತಿಂಗಳು ಆ ಸಣ್ಣ ಯಂತ್ರದಿಂದ ಬಂದ ತೋಳುಗಳಿಗೆ ಉಜ್ಜುವ ಕೆಲಸವೇ ಇರುತ್ತಿರಲಿಲ್ಲ.

ಒಂಬತ್ತನೆಯ ತಿಂಗಳು ಅವಳ ಕೈ ಕೆಟ್ಟಿತು.

ಗೆರೆ ನೇರ ಹೋಗುತ್ತಿದ್ದರೆ ಸೀಳು ಎಡಕ್ಕೆ ಜಾರುತ್ತಿತ್ತು. ಎಷ್ಟು ಹುಷಾರಾಗಿ ನೂಕಿದರೂ ಅಷ್ಟೇ. ಎಡತಿರುವು ಹೇಗೋ ಆಗುತ್ತಿತ್ತು. ಬಲತಿರುವು ಬಂದರೆ ಮರದ ಜೊತೆ ಗುದ್ದಾಡಬೇಕು. "ಅಕ್ಕಾ, ಯಾಕೆ ಹೀಗಾಗ್ತಿದೆ?" ಎಂದು ಕೇಳಿದಳು. ಅಕ್ಕ ಹಿಂದೆ ನಿಂತು, ಕೈಕಟ್ಟಿ, ಬಹಳ ಹೊತ್ತು ನೋಡಿದಳು. "ಹೊಸದರಲ್ಲಿ ಎಲ್ಲರಿಗೂ ಚೆನ್ನಾಗೇ ಬರ್ತದೆ. ಕೈಯ ನಿಜವಾದ ಗುಣ ಆಮೇಲೆ ಗೊತ್ತಾಗೋದು. ನಿನ್ನ ಕೈ ಎಡಕ್ಕೆ ಎಳೀತದೆ. ಮರವನ್ನ ಸ್ವಲ್ಪ ಓರೆಯಾಗಿ ಹಿಡಿ" ಎಂದಳು.

ಅಕ್ಕ ಹೇಳಿದ ಮೇಲೆ ಮುಗಿಯಿತು. ಚಿಕ್ಕವಳು ಮರವನ್ನು ಓರೆ ಹಿಡಿಯಲು ಕಲಿತಳು, ತಾನೂ ಓರೆಯಾಗಿ ನಿಲ್ಲಲು ಕಲಿತಳು. ಕಣ್ಣಿನ ಡಾಕ್ಟರ್ ಹತ್ತಿರ ಹೋದಳು. ಕಣ್ಣು ಚೆನ್ನಾಗಿದೆ ಎಂದರು. ನರದ ಡಾಕ್ಟರ್ ಒಂದು ರಬ್ಬರ್ ಚೆಂಡು ಕೊಟ್ಟು ಬೆಳಿಗ್ಗೆ ನೂರು ಸಲ ಸಂಜೆ ನೂರು ಸಲ ಹಿಸುಕಲು ಹೇಳಿದರು. ಎರಡು ವರ್ಷ ಹಿಸುಕಿದಳು. ಚೆಂಡು ಸವೆಯಿತು, ಕೈ ಸರಿಹೋಗಲಿಲ್ಲ. ಬರಬರುತ್ತ ತನ್ನ ಇಡೀ ಮೈಯೇ ಎಡಕ್ಕೆ ವಾಲುತ್ತದೆ ಎನ್ನಿಸತೊಡಗಿತು. ಗೋಡೆಗೆ ಪಟ ತೂಗುಹಾಕಲು ಭಾವನನ್ನು ಕರೆಯುತ್ತಿದ್ದಳು. ಸ್ಕೂಟರ್ ಕಲಿಯುವ ಆಸೆಯಿತ್ತು, "ನನ್ನ ಕೈಗೆ ಅದು ಬೇಡಪ್ಪ" ಎಂದು ಬಿಟ್ಟಳು. ಅಂಗಡಿಯಲ್ಲಿ ಅವಳ ಪಾಲಿಗೆ ಒರಟು ಕತ್ತರಿಕೆ, ಅಂಟು, ಉಜ್ಜುವ ಕೆಲಸ ಉಳಿಯಿತು. ತೋಳುಗಳನ್ನು ಅಕ್ಕ ಕತ್ತರಿಸುತ್ತಿದ್ದಳು.

ಮರಗೆಲಸದ ತರಬೇತಿ ಕೇಂದ್ರದ ಮುಖ್ಯಸ್ಥರು ಒಮ್ಮೆ ಅಂಗಡಿಗೇ ಬಂದಿದ್ದರು. ಬರಿಗೈಯಲ್ಲಿ ಕತ್ತರಿಸುವುದನ್ನು ಕಲಿಸುವವರು ಬೇಕಿತ್ತು. ಅಕ್ಕ ಅಂಗಡಿ ಬಿಟ್ಟು ಬರಲಾಗದು ಎಂದಳು. "ಹಾಗಾದ್ರೆ ನಿಮ್ಮ ತಂಗಿ?" ಎಂದರು ಅವರು. ಅಕ್ಕ ಚಿಕ್ಕವಳ ಹೆಗಲ ಮೇಲೆ ಕೈಯಿಟ್ಟು, "ಇವಳ ಕೈ ಎಡಕ್ಕೆ ಎಳೀತದೆ ಸರ್, ಪಾಪ. ಮನಸ್ಸು ಮಾತ್ರ ಚಿನ್ನ" ಎಂದಳು. ಚಿಕ್ಕವಳು ತಲೆಯಾಡಿಸಿ ನಕ್ಕಳು. ತನ್ನ ಕೊರತೆಯನ್ನು ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಅವತ್ತು ಅವಳಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತ್ತು.

ಬೆರಳು ಹೋದದ್ದು ಮೂರು ವರ್ಷದ ಹಿಂದೆ. ಬಲತಿರುವೊಂದನ್ನು ಬಲವಂತದಿಂದ ಒತ್ತುತ್ತಿದ್ದಾಗ ಮರ ತಟ್ಟನೆ ದಾರಿ ಬಿಟ್ಟಿತು. ಎಡಗೈಯ ತೋರುಬೆರಳಿನ ತುದಿ, ಉಗುರಿನ ಸಮೇತ, ಮೇಜಿನ ಮೇಲೆ ಉಳಿಯಿತು. ಅಕ್ಕ ಬರಿಗಾಲಲ್ಲಿ ಬೀದಿಗೆ ಓಡಿ ಗಾಡಿ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅವಳ ಇನ್ನೊಂದು ಕೈಯನ್ನು ಬಿಡಲೇ ಇಲ್ಲ. ಬಲಗೈ ಚೆನ್ನಾಗೇ ಇದೆ ಎಂದರೂ ಕೇಳದೆ ತಿಂಗಳುಗಟ್ಟಲೆ ಅವಳಿಗೆ ತುತ್ತು ಕಲಸಿ ಕೊಟ್ಟಳು.

ಹೀಗೆ ಒಂಬತ್ತು ವರ್ಷ ಕಳೆಯಿತು.

ಈ ವರ್ಷ ಒಂದು ಹೆರಿಗೆ ಆಸ್ಪತ್ರೆಯವರು, ತಾಯಂದಿರು ಕೂತು ಹಾಲೂಡಿಸಲಿಕ್ಕೆಂದು, ಹನ್ನೆರಡು ತೂಗುಕುರ್ಚಿ ಕೇಳಿದರು. ಇಪ್ಪತ್ತನಾಲ್ಕು ತೋಳು. ಹದಿನಾರು ಕತ್ತರಿಸಿ ಮುಗಿಸಿದ ಅಕ್ಕ ಪೀಠೋಪಕರಣದ ಪ್ರದರ್ಶನವೊಂದಕ್ಕೆ ಎರಡು ಕುರ್ಚಿಗಳ ಜೊತೆ ಆರು ದಿನಕ್ಕೆ ಹೊರಟಳು. "ಉಳಿದ ಎಂಟು ನಾನು ಬಂದು ನೋಡ್ಕೊಳ್ತೀನಿ. ನೀನು ಕುರ್ಚಿಗಳ ಕಾಲು ಉಜ್ಜಿಡು, ಸಾಕು. ನನ್ನ ಯಂತ್ರ ಮುಟ್ಟಬೇಡ, ಅದರ ಗಾಲಿಗೆ ನನ್ನ ಕೈ ಒಗ್ಗಿದೆ" ಎಂದು ಹೇಳಿ ಹೋದಳು.

ಎರಡನೆಯ ದಿನ ಬೆಳಿಗ್ಗೆ ಸಣ್ಣ ಯಂತ್ರದ ಬ್ಲೇಡು ಢಣ್ಣೆಂದು ತುಂಡಾಯಿತು.

ಚಿಕ್ಕವಳು ಬ್ಲೇಡಜ್ಜನಿಗೆ ಫೋನ್ ಮಾಡಿದಳು. ಬ್ಲೇಡಜ್ಜ ಎಂದರೆ ಉಕ್ಕಿನ ಪಟ್ಟಿಯನ್ನು ಅಳತೆಗೆ ತುಂಡರಿಸಿ, ತುದಿಗೆ ತುದಿ ಬೆಸೆದು, ಬ್ಲೇಡು ಮಾಡಿ ಅಂಗಡಿ ಅಂಗಡಿಗೆ ಕೊಡುವ ಮುದುಕರು. ಕೂತರೆ ಏಳದೆ ಮಾತಾಡುವವರಾದ್ದರಿಂದ, ಬ್ಲೇಡು ಮಾರುವುದು ಹಾಕುವುದು ಎರಡೂ ಅವರೇ ಎಂದು ಟೈಲರ್ ನಗೆಯಾಡುತ್ತಿದ್ದ. ಯಾವಾಗಲೂ ಅವರು ತಂದದ್ದನ್ನು ಅಕ್ಕ ಬಾಗಿಲಲ್ಲೇ ತೆಗೆದುಕೊಂಡು, "ಎಣ್ಣೆ ಒರೆಸಿ ಹಾಕ್ತೀನಿ" ಎಂದು ಮೇಲೆ ಒಯ್ದು, ಮರುದಿನ ತಾನೇ ಯಂತ್ರಕ್ಕೆ ಏರಿಸುತ್ತಿದ್ದಳು. ಇವತ್ತು ಅಕ್ಕ ಇರಲಿಲ್ಲ. ಅಜ್ಜ ಒಳಗೆ ಬಂದು, ಸುರುಳಿ ಬಿಚ್ಚಿ, ಗಾಲಿಗೆ ಏರಿಸಿ, ಬೆರಳಿನಿಂದ ಮೀಟಿ ಬಿಗಿ ನೋಡಿ, "ಹಾಂ, ಕತ್ತರಿಸಿ ನೋಡು. ನಾನು ಒಂದು ಲೋಟ ಚಹಾ ಕುಡಿದೇ ಹೋಗೋದು" ಎಂದು ಸ್ಟೂಲಿನ ಮೇಲೆ ಕೂತರು.

ಚಿಕ್ಕವಳು ಒಂದು ಹಲಗೆ ತುಂಡಿನ ಮೇಲೆ ಗೆರೆ ಎಳೆದು, ರೂಢಿಯಂತೆ ಓರೆ ಹಿಡಿದು ನೂಕಿದಳು. ಸೀಳು ಬಲಕ್ಕೆ ಓಡಿತು. ಇನ್ನೊಂದು ಎಳೆದಳು. ಅದೂ ಬಲಕ್ಕೆ.

"ಅಜ್ಜ, ಇದು ಸರಿಯಿಲ್ಲ. ಬಲಕ್ಕೆ ಎಳೀತದೆ."

"ನಾನು ಕೊಟ್ಟ ಬ್ಲೇಡು ಎಳೆಯೋದಾ?" ಅಜ್ಜ ಎದ್ದು ಬಂದರು. "ನೀನು ಹಾಗೆ ಸೊಟ್ಟಗೆ ಯಾಕೆ ನಿಂತಿದ್ದೀಯ? ಬಸ್ಸಲ್ಲಿ ಸೀಟ್ ಸಿಗದೆ ನಿಂತ ಹಾಗೆ."

"ನನ್ನ ಕೈ ಎಡಕ್ಕೆ ಎಳೀತದೆ ಅಜ್ಜ, ಅದಕ್ಕೇ."

"ಯಾರು ಹೇಳಿದ್ದು?"

"ಅಕ್ಕ."

ಅಜ್ಜ ಅವಳ ಎರಡೂ ಹೆಗಲು ಹಿಡಿದು ನೇರ ನಿಲ್ಲಿಸಿದರು. ಹಲಗೆಯನ್ನು ನೇರ ಇಡಿಸಿದರು. "ಈಗ ನೂಕು. ಒತ್ತಬೇಡ, ಅದು ತಿಂದಷ್ಟೇ ಕೊಡು" ಎಂದರು. ಅವಳು ನೂಕಿದಳು. ಬ್ಲೇಡು ಗೆರೆಯ ಪಕ್ಕದಲ್ಲೇ, ಗೆರೆಯನ್ನು ಅರ್ಧ ಉಳಿಸಿಕೊಂಡು, ಹಲಗೆಯ ಆಚೆ ತುದಿಯವರೆಗೆ ಹೋಯಿತು. ಚಿಕ್ಕವಳು ಯಂತ್ರ ನಿಲ್ಲಿಸಿ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಏನೋ ತಪ್ಪಾಗಿರಬೇಕು ಎಂದೇ ಅವಳಿಗೆ ಮೊದಲು ಅನ್ನಿಸಿದ್ದು.

ಅಷ್ಟರಲ್ಲಿ ಅಜ್ಜ ತುಂಡಾದ ಹಳೆ ಬ್ಲೇಡನ್ನು ನೆಲದಿಂದ ಎತ್ತಿಕೊಂಡಿದ್ದರು. ಹಲ್ಲುಗಳ ಎಡಬದಿಯ ಮೇಲೆ ಉಗುರು ಎಳೆದರು, ಚರಚರ ಎಂದಿತು. ಬಲಬದಿಯ ಮೇಲೆ ಎಳೆದರು. ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದರು.

"ಇಲ್ಲಿ ನೋಡು. ಹಲ್ಲು ಒಂದು ಎಡಕ್ಕೆ ಬಾಗಿರ್ತದೆ, ಒಂದು ಬಲಕ್ಕೆ. ಎರಡೂ ಕಡೆ ಸಮ ಕಚ್ಚಿದ್ರೆ ನೇರ ಹೋಗ್ತದೆ. ಇದರ ಬಲಗಡೆ ಹಲ್ಲೆಲ್ಲ ಮೊಂಡಾಗಿವೆ. ಬಲಗಡೆ ಕಚ್ಚಲ್ಲ, ಎಡಗಡೆ ಕಚ್ತದೆ. ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗ್ತದೆ?"

"ಸವೆದಿರ್ಬೇಕು."

"ಸವೆದ್ರೆ ಎರಡೂ ಕಡೆ ಸವೀತದಮ್ಮ. ಇದು ಸಾಣೆಕಲ್ಲು ಹಿಡಿದಿದ್ದು. ತುದಿ ಹೇಗೆ ಸಪಾಟಾಗಿ ಹೊಳೀತಿದೆ ನೋಡು. ಬ್ಲೇಡು ತಾನಾಗಿ ಒಂದು ಕಡೆ ಎಳೀತಿದ್ರೆ ಅದನ್ನ ಸರಿಮಾಡೋಕೆ ಹೀಗೆ ಉಜ್ಜೋದುಂಟು. ನಿಮ್ಮಪ್ಪನಿಗೆ ಅದು ಗೊತ್ತಿತ್ತು. ಆದ್ರೆ ನೆಟ್ಟಗಿರೋದನ್ನ ಉಜ್ಜಿದ್ರೆ..." ಅಜ್ಜ ಅಲ್ಲಿಗೆ ಮಾತು ನಿಲ್ಲಿಸಿದರು. ಜನ್ಮದಲ್ಲಿ ಮೊದಲ ಸಲ ಇರಬೇಕು, ಮಾತನ್ನು ಅರ್ಧಕ್ಕೆ ಬಿಟ್ಟದ್ದು. ಚಹಾ ಕುಡಿಯದೆ ಹೊರಟುಹೋದರು.

ಹಿಂಬದಿಯ ಗೂಡಿನಲ್ಲಿ ಒಂದು ತಗಡಿನ ಡ್ರಮ್ಮು. ಸವೆದ ಬ್ಲೇಡುಗಳನ್ನು ಮೂರು ಸುತ್ತಿಗೆ ಮಡಚಿ ತಂತಿ ಕಟ್ಟಿ ಅದರೊಳಗೆ ಎಸೆಯುವುದು ವಾಡಿಕೆ; ತುಂಬಿದಾಗ ಗುಜರಿಯವನು ಒಯ್ಯುತ್ತಿದ್ದ. ಚಿಕ್ಕವಳು ಅದನ್ನು ಬೋರಲು ಹಾಕಿದಳು. ಅಗಲದವು ದೊಡ್ಡ ಯಂತ್ರದವು, ಕಿರಿದಾದವು ತನ್ನವು. ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ಉಗುರು ಎಳೆದಳು. ಅಗಲದವುಗಳಲ್ಲಿ ಎರಡು ಬದಿಯೂ ಒಂದೇ ದನಿ. ಕಿರಿದಾದವು ಹನ್ನೊಂದು ಇದ್ದವು. ಹನ್ನೊಂದರಲ್ಲಿ ಒಂದಾದರೂ ಬೇರೆಯಿರಲಿ ಎಂದು ಆಸೆಪಟ್ಟಳು. ಎಡಬದಿ ಚರಚರ, ಬಲಬದಿ ನುಣುಪು. ಹನ್ನೊಂದೂ ಹಾಗೇ.

ಮಧ್ಯಾಹ್ನದ ಊಟಕ್ಕೆ ಅವಳು ಮೇಲೆ ಹೋಗಲಿಲ್ಲ. ಭಾವನೇ ಮೆಟ್ಟಿಲಿಳಿದು ಬಂದರು. ನೆಲದ ತುಂಬ ಹರಡಿದ್ದ ಬ್ಲೇಡುಗಳನ್ನು ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತರು. ಅವರ ಮುಖ ನೋಡಿದ ಕೂಡಲೇ ಅವಳಿಗೆ ಇನ್ನೊಂದು ವಿಷಯವೂ ತಿಳಿದುಹೋಯಿತು.

"ನಿಮಗೆ ಗೊತ್ತಿತ್ತಾ ಭಾವ?"

ಅವರು ಕಂಬಿ ಹಿಡಿದು ಅಲ್ಲೇ ಕೂತರು. "ಬಾಲ್ಕನಿಯಲ್ಲಿ ಕೂತು ಉಜ್ಜೋದು ನೋಡ್ತಿದ್ದೆ. ಅದೂ ಕೆಲಸದ್ದೇ ಭಾಗ ಅಂದ್ಕೊಂಡಿದ್ದೆ. ನಿನ್ನ ಬೆರಳು ಹೋದ ದಿನ ಅವಳು ಆಸ್ಪತ್ರೆಯಿಂದ ಬಂದವಳೇ ಸಾಣೆಕಲ್ಲನ್ನ ತಗೊಂಡುಹೋಗಿ ಚರಂಡಿಗೆ ಎಸೆದಳು. ಆವಾಗ ಕೇಳಿದೆ. ಹೇಳಿದಳು."

"ಮೂರು ವರ್ಷದ ಹಿಂದೆ."

"ಇನ್ಮೇಲೆ ಮಾಡಲ್ಲ ಅಂದಿದ್ದಳು. ನಾನು ನಂಬಿದೆ."

"ಈ ಬ್ಲೇಡು ಹಾಕಿ ಎರಡು ತಿಂಗಳಾಗಿಲ್ಲ" ಎಂದಳು ಚಿಕ್ಕವಳು, ಬೆಳಿಗ್ಗೆ ತುಂಡಾದದ್ದನ್ನು ಅವರ ಕಾಲಬುಡಕ್ಕೆ ನೂಕಿ.

ಭಾವ ಅದನ್ನು ಮುಟ್ಟಲಿಲ್ಲ. "ನಾನು ನಿನಗೆ ಹೇಳಬೇಕಿತ್ತು" ಎಂದರು. ಹೌದು, ಹೇಳಬೇಕಿತ್ತು. ಅವಳು ಬ್ಲೇಡುಗಳನ್ನು ಒಂದೊಂದಾಗಿ ಡ್ರಮ್ಮಿಗೆ ತುಂಬತೊಡಗಿದಳು.

ಸಂಜೆಯವರೆಗೆ ಅವಳು ರದ್ದಿ ತುಂಡುಗಳ ಮೇಲೆ ಗೆರೆ ಎಳೆದು ಎಳೆದು ಕತ್ತರಿಸಿದಳು. ಒಂಬತ್ತು ವರ್ಷದ ಓರೆ ಮೈಯಲ್ಲಿ ಕೂತಿತ್ತು. ನೇರ ನಿಂತರೆ ಬೀಳುತ್ತೇನೇನೋ ಎನ್ನಿಸುತ್ತಿತ್ತು. ಮರುದಿನವೂ ಅದೇ ಕೆಲಸ. ಅಕ್ಕ ಹೋದ ನಾಲ್ಕನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಕುರ್ಚಿಗೆಂದು ಇಟ್ಟಿದ್ದ ಒಳ್ಳೆಯ ಮರ ತೆಗೆದುಕೊಂಡಳು. ಮಗುವನ್ನು ಎತ್ತಿಕೊಂಡ ತಾಯಿಯ ಮೊಣಕೈಗೆ ಆಸರೆ ಬೇಕಾದಲ್ಲಿ ತೋಳು ಸ್ವಲ್ಪ ಅಗಲ, ಮುಂದೆ ಹೋಗುತ್ತ ಕಿರಿದು. ಗೆರೆ ಎಳೆದಳು, ಬದಿಯಿಂದ ಸೀಳು ಕೊಟ್ಟಳು, ತಿರುವಿಗೆ ಇಳಿದಳು. ಬಲತಿರುವು ಬಂದಾಗ ನೂಕುವುದನ್ನು ನಿಧಾನ ಮಾಡಿದಳು. ಮರ ಬೆಣ್ಣೆಯ ಹಾಗೆ ತಿರುಗಿತು. ಕತ್ತರಿಸಿ ಮುಗಿದ ತೋಳನ್ನು ಕೆನ್ನೆಗೆ ಒತ್ತಿಕೊಂಡಳು. ಆಗ ಅಳು ಬಂತು. ಸಂತೋಷಕ್ಕೆ ಬಂತೋ ಹೋದ ವರ್ಷಗಳಿಗೆ ಬಂತೋ, ಯಂತ್ರ ಓಡುತ್ತಲೇ ಇತ್ತು, ಯಾರಿಗೂ ಕೇಳಿಸಲಿಲ್ಲ. ಅದರ ಮಾರನೆಯ ದಿನದೊಳಗೆ ಎಂಟೂ ತೋಳು ಮುಗಿದವು.

ಅಕ್ಕ ಆರನೆಯ ದಿನ ಮಧ್ಯಾಹ್ನ ಬಂದಳು. ಕೊರಳಲ್ಲಿ ಪ್ರದರ್ಶನದವರು ಹಾಕಿದ್ದ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಬ್ಯಾಗು ಕೆಳಗಿಡುತ್ತ, "ಜನ ಮುಗಿಬಿದ್ದು ನೋಡಿದ್ರು ಕಣೇ. ಬರಿಗೈಯಲ್ಲಾ, ಬರಿಗೈಯಲ್ಲಾ ಅಂತ ಅದೇ ಪ್ರಶ್ನೆ" ಎನ್ನುತ್ತಿದ್ದವಳ ಕಣ್ಣು ಬೆಂಚಿನ ಮೇಲೆ ಸಾಲಾಗಿಟ್ಟ ತೋಳುಗಳ ಮೇಲೆ ಬಿತ್ತು. ಹತ್ತಿರ ಹೋಗಿ ಒಂದನ್ನು ಎತ್ತಿದಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೂ ಉಜ್ಜಿರಲಿಲ್ಲ, ಬ್ಲೇಡಿನ ಗುರುತು ಒಂದೇ ಉಸಿರಿನಲ್ಲಿ ಎಳೆದ ಹಾಗಿತ್ತು.

"ಯಾರು ಕತ್ತರಿಸಿದ್ದು?"

"ನಾನು."

"ನನ್ನ ಯಂತ್ರದಲ್ಲಾ?"

"ನನ್ನದರಲ್ಲಿ. ಬ್ಲೇಡು ತುಂಡಾಯ್ತು. ಬ್ಲೇಡಜ್ಜ ಬಂದು ಹೊಸದು ಹಾಕಿಕೊಟ್ರು. ಎಣ್ಣೆ ಒರೆಸೋಕೆ ನೀನಿರಲಿಲ್ಲ."

ಅಕ್ಕ ತೋಳನ್ನು ಮೆಲ್ಲಗೆ ಬೆಂಚಿನ ಮೇಲೆ ಇಟ್ಟಳು. ಸದ್ದಾಗದಂತೆ, ಮಲಗಿದ ಮಗುವನ್ನು ಇಡುವ ಹಾಗೆ. ಆಮೇಲೆ ಅದೇ ಬೆಂಚಿಗೆ ಒರಗಿ ನಿಂತಳು. ಚಿಕ್ಕವಳು ಕಾದಳು. ಅಕ್ಕ ಇಲ್ಲ ಎನ್ನಬಹುದು, ಸಿಟ್ಟಾಗಬಹುದು, ಅಜ್ಜನಿಗೆ ಕಣ್ಣು ಕಾಣಲ್ಲ ಎನ್ನಬಹುದು ಎಂದು ನಾಲ್ಕು ದಿನದಿಂದ ಒಂದೊಂದಕ್ಕೂ ಉತ್ತರ ಕೂಡಿಸಿಟ್ಟುಕೊಂಡಿದ್ದಳು. ಅಕ್ಕ ಅದೊಂದನ್ನೂ ಹೇಳಲಿಲ್ಲ.

"ಆ ಸಂಗೀತದ ಟೀಚರ್ ನೆನಪಿದ್ದಾರಾ ನಿಂಗೆ?" ಎಂದಳು. "ಅಪ್ಪನ ಕಾಲದ ಗಿರಾಕಿ. ನೀನು ಸೇರಿ ಎಂಟು ತಿಂಗಳಾಗಿತ್ತು. ಬಂದು ಎರಡು ಕುರ್ಚಿ ನೋಡಿದ್ರು. ಒಂದು ನನ್ನದು, ಒಂದು ನಿನ್ನದು. ಯಾವುದು ಯಾರದು ಅಂತ ಅವರಿಗೆ ಗೊತ್ತಿಲ್ಲ. ನಿನ್ನದರ ತೋಳು ಸವರಿ, ಇದು ನಿಮ್ಮಪ್ಪನೇ ಕತ್ತರಿಸಿ ಇಟ್ಟು ಹೋದದ್ದಾ ಅಂತ ಕೇಳಿದ್ರು. ನನ್ನ ಕುರ್ಚಿಯಲ್ಲಿ ಚಪ್ಪಲಿ ಹಾಕ್ಕೊಳ್ಳೋಕಷ್ಟೇ ಕೂತು, ಎದ್ದು ಹೋದ್ರು."

"ಅದಕ್ಕೆ?"

"ಇಪ್ಪತ್ತು ವರ್ಷ ನಾನು ಅಪ್ಪನ ಪಕ್ಕ ನಿಂತಿದ್ದೆ. ಒಂದು ದಿನ ಅವರು ನನಗೆ ಚೆನ್ನಾಗಿದೆ ಅಂದಿಲ್ಲ. ಪರವಾಗಿಲ್ಲ ಅಂತಿದ್ರು. ಸಾಯೋ ಮುಂಚೆ ನಿನ್ನ ಬಗ್ಗೆ ಹೇಳಿದ್ರು, ಚಿಕ್ಕವಳಿಗೆ ಕಲಿಸು, ಅವಳ ಕೈಯಲ್ಲಿ ಇದೆ ಅಂತ. ಓದೋಕೆ ಹೋದವಳು ನೀನು. ಎಲ್ಲ ಬಿಟ್ಟವಳು ನಾನು."

"ಬಿಡು ಅಂತ ನಾನು ಹೇಳಿದ್ನಾ ಅಕ್ಕಾ?"

"ಇಲ್ಲ." ಅಕ್ಕ ತಲೆಯೆತ್ತಲಿಲ್ಲ. "ಒಂದು ಸಲ ಅಂತಲೇ ಮಾಡಿದ್ದು. ಹೊಟ್ಟೆಕಿಚ್ಚಿಗೆ. ನೀನು ಬಂದು, ಅಕ್ಕಾ ಯಾಕೆ ಹೀಗಾಗ್ತಿದೆ ಅಂತ ಕೇಳಿದೆ. ಅಷ್ಟೂ ದಿನ ನೀನು ನನ್ನನ್ನ ಏನೂ ಕೇಳ್ತಿರಲಿಲ್ಲ, ನಿನಗೆ ಎಲ್ಲಾ ಬರ್ತಿತ್ತು. ಹಾಗೆ ಕೇಳಿದಾಗ ನೀನು ಮತ್ತೆ ಸಣ್ಣವಳಾದ ಹಾಗಾಯ್ತು. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

ಚಿಕ್ಕವಳು ಇದನ್ನೆಲ್ಲ ಕೇಳಿಸಿಕೊಂಡಳು. ಕೇಳುತ್ತಿದ್ದಂತೆ ಅಕ್ಕನ ಮೇಲೆ ಒಂದು ಕನಿಕರವೂ ಹುಟ್ಟಿತು, ಸುಳ್ಳಲ್ಲ. ಆದರೆ ಅವಳಿಗೆ ಬೇಕಾಗಿದ್ದ ಉತ್ತರ ಇನ್ನೂ ಬಂದಿರಲಿಲ್ಲ. ಎಡಗೈ ಎತ್ತಿ, ಉಗುರಿಲ್ಲದ ಮೊಂಡು ಬೆರಳನ್ನು ಅಕ್ಕನ ಮುಖದ ಮುಂದೆ ಹಿಡಿದಳು.

"ಇದಾದ ಮೇಲೆ?"

ಅಕ್ಕ ಕೊರಳಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಇದಾದ ಮೇಲೂ ಉಜ್ಜಿದ್ಯಲ್ಲ. ಡ್ರಮ್ಮಲ್ಲಿ ಎಲ್ಲಾ ಇದೆ. ಯಾಕೆ?"

"ಕಲ್ಲು ಎಸೆದಿದ್ದೆ" ಎಂದಳು ಅಕ್ಕ. "ನೀನು ಗಾಯ ಮಾಗಿ ಬಂದು ನಿಂತಾಗ ಉಜ್ಜದ ಬ್ಲೇಡನ್ನೇ ಹಾಕಿದ್ದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ನೀನು ಒಂದು ತುಂಡು ಕತ್ತರಿಸಿದೆ. ಎರಡು ದಿನ ತಡವರಿಸಿದೆ, ಮೂರನೇ ದಿನ ಗೆರೆ ಮೇಲೇ ಹೋಗ್ತಿತ್ತು. ನೀನು ಅದನ್ನ ಗಮನಿಸಲಿಲ್ಲ, ಕೈ ಬದಲಾದದ್ದೆಲ್ಲ ಬೆರಳಿನ ನೋವಿಂದ ಅಂದ್ಕೊಂಡು ಬಿಟ್ಟೆ. ನಾನು ನೋಡಿದೆ. ಒಂದು ವಾರ ಹೋದ್ರೆ ನಿನಗೆ ಗೊತ್ತಾಗ್ತಿತ್ತು. ಬೆರಳು ಯಾಕೆ ಹೋಯ್ತು ಅಂತಲೂ ಗೊತ್ತಾಗ್ತಿತ್ತು. ಆವತ್ತು ಸಂಜೆ ಹೋಗಿ ಇನ್ನೊಂದು ಕಲ್ಲು ತಂದೆ."

ಹೊರಗೆ ಟೈಲರನ ಹೊಲಿಗೆ ಯಂತ್ರ ಓಡುತ್ತಿತ್ತು. ಚಿಕ್ಕವಳಿಗೆ ಆ ಆಸ್ಪತ್ರೆಯ ಕೋಣೆ ನೆನಪಾಯಿತು; ತನ್ನ ಬಲಗೈಯನ್ನು ಬಿಡದೆ ಹಿಡಿದಿದ್ದ ಕೈ, "ನಾನಿದ್ದೀನಿ, ನಾನಿದ್ದೀನಿ" ಎಂದ ದನಿ, ಬಾಯಿಗೆ ಬಂದ ಒಂದೊಂದು ತುತ್ತು. ಅದನ್ನೆಲ್ಲ ಈಗ ಎಲ್ಲಿಡಬೇಕೋ ತಿಳಿಯಲಿಲ್ಲ. ಅದು ಸುಳ್ಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕನ ಅಳು ಆವತ್ತು ನಿಜವಾಗಿತ್ತು, ಅವಳಿಗೆ ಗೊತ್ತು.

"ಒಂಬತ್ತು ವರ್ಷ ನಾನು ನನ್ನನ್ನೇ ಬೈಕೊಂಡೆ ಅಕ್ಕಾ" ಎಂದಳು. "ಒಂದು ದಿನ ನಿನ್ನ ಮೇಲೆ ಅನುಮಾನ ಬರಲಿಲ್ಲ. ನನ್ನ ಕಣ್ಣು, ನನ್ನ ನರ, ನನ್ನ ಹಣೆಬರಹ ಎಲ್ಲದರ ಮೇಲೂ ಬಂತು."

ಅಕ್ಕ ಕೈ ಚಾಚಿದಳು. ಚಿಕ್ಕವಳು ಅದನ್ನು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ. ಪಕ್ಕಕ್ಕೆ ಸರಿದು ಶಟರಿನಿಂದಾಚೆ ನಡೆದಳು.

ಆಸ್ಪತ್ರೆಯ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಮುಂದಿನ ಹತ್ತು ದಿನ ಇಬ್ಬರೂ ಒಂದೇ ಸೂರಿನಡಿ, ಅಂಟು ಕೊಡು, ಆ ಬದಿ ಹಿಡಿ ಎಂಬಷ್ಟೇ ಮಾತಿನಲ್ಲಿ ಹನ್ನೆರಡೂ ಕುರ್ಚಿ ಕೂಡಿಸಿದರು. ಒಪ್ಪಿಸಲು ಹೋದಾಗ ಆಸ್ಪತ್ರೆಯ ಹಿರಿಯ ದಾದಿ ಒಂದರಲ್ಲಿ ಕೂತು ತೂಗಿಕೊಂಡು, "ಯಾರಮ್ಮ ಇದನ್ನ ಕತ್ತರಿಸಿದ್ದು, ಮೊಣಕೈಗೆ ಅಳತೆ ತಗೊಂಡ ಹಾಗಿದೆ" ಎಂದರು. ಅವರು ಕೂತಿದ್ದದ್ದು ಚಿಕ್ಕವಳು ಕತ್ತರಿಸಿದ ಕುರ್ಚಿ. ಅಕ್ಕ ಬಾಯಿ ತೆರೆಯುವುದರೊಳಗೆ ಚಿಕ್ಕವಳೇ, "ಅದು ನಾನು. ಆ ನಾಲ್ಕು ನನ್ನವು, ಉಳಿದ ಎಂಟು ಅಕ್ಕನವು" ಎಂದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ಅಷ್ಟು ಜನರ ಮುಂದೆ ಅವಳು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು. ಚಿಕ್ಕವಳ ಮನಸ್ಸು ತಣ್ಣಗಾಗಲಿಲ್ಲ.

ಮರುದಿನ ಅವಳು ತರಬೇತಿ ಕೇಂದ್ರಕ್ಕೆ ಹೋಗಿ, ಕಲಿಸುವವರು ಇನ್ನೂ ಬೇಕೇ ಎಂದು ಕೇಳಿದಳು. ಮುಖ್ಯಸ್ಥರು ಅವಳ ಕೈಯತ್ತ ನೋಡಿ, "ನಿಮ್ಮ ಕೈ..." ಎಂದು ತೊದಲಿದರು. ಅವಳು ಅಲ್ಲಿದ್ದ ಯಂತ್ರದ ಬ್ಲೇಡಿನ ಎರಡೂ ಬದಿಗೆ ಉಗುರು ಎಳೆದು ನೋಡಿ, ಒಂದು ಹಲಗೆ ಕೇಳಿದಳು. ಐದು ನಿಮಿಷದ ಮೇಲೆ ಅವರು, "ಸೋಮವಾರದಿಂದ ಬರ್ತೀರಾ?" ಎಂದರು.

ಅದೇ ವಾರ ಕೇಂದ್ರದ ಹತ್ತಿರ ಒಂದು ಕೋಣೆ ಹಿಡಿದಳು. ಸಣ್ಣ ಯಂತ್ರವನ್ನು ಒಯ್ಯಲಿಲ್ಲ. ಭಾವ ಪೆಟ್ಟಿಗೆ ಹೊತ್ತು ಗಾಡಿಯವರೆಗೆ ಬಂದರು. ಹಗ್ಗ ಬಿಗಿದು ಕಟ್ಟಿಕೊಟ್ಟರು. ಅಕ್ಕ ಮೇಲಿನ ಬಾಲ್ಕನಿಯಲ್ಲಿ ನಿಂತಿದ್ದಳು.

ನಾಲ್ಕು ತಿಂಗಳ ಮೇಲೆ ಅಕ್ಕ ಕೇಂದ್ರಕ್ಕೆ ಬಂದಳು. ಪಾಠ ನಡೆಯುತ್ತಿದ್ದುದರಿಂದ ಹಿಂದಿನ ಗೋಡೆಗೆ ಒರಗಿ ನಿಂತಳು. ಚಿಕ್ಕವಳು ನೋಡಿದಳು, ಮಾತು ನಿಲ್ಲಿಸಲಿಲ್ಲ. ಕಲಿಯಲು ಬಂದಿದ್ದವರೊಬ್ಬರು, ನಡುವಯಸ್ಸಿನ ಹೆಂಗಸು, "ನನ್ನ ಕೈಯೇ ಸರಿಯಿಲ್ಲ ಮೇಡಂ" ಎಂದು ಗೊಣಗಿದಾಗ ಚಿಕ್ಕವಳು, "ಕೈಯನ್ನ ಕೊನೆಗೆ ಬೈಯೋಣ. ಮೊದಲು ಬ್ಲೇಡು ಬಿಚ್ಚಿ ತನ್ನಿ" ಎಂದಳು. ಗೋಡೆಯ ಹತ್ತಿರ ಅಕ್ಕ ಮುಖ ಕೆಳಗೆ ಹಾಕಿದಳು.

ಪಾಠ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಕ್ಕ ಸೊರಗಿದ್ದಳು. ಅಂಗಡಿಗೆ ಬಂದವರೆಲ್ಲ ನಿನ್ನನ್ನು ಕೇಳುತ್ತಾರೆ, ಕೆಲಸ ಬಿಟ್ಟಳು ಎಂದಷ್ಟೇ ಹೇಳಲು ಮನಸ್ಸು ಬರದೆ ನಿಜವನ್ನೇ ಹೇಳಿಬಿಡುತ್ತಿದ್ದೇನೆ ಎಂದಳು. ಟೈಲರ್ ಈಗ ಮಾತಾಡಿಸುವುದಿಲ್ಲವಂತೆ.

"ಮನೆಗೆ ಬಾ" ಎಂದಳು ಕೊನೆಗೆ. "ಬೈಯಿ, ಹೊಡಿ, ಏನಾದ್ರೂ ಮಾಡು. ಬಾ."

"ಸಿಟ್ಟು ಇಳಿದಿದೆ ಅಕ್ಕಾ. ನಿಜವಾಗಿ ಇಳಿದಿದೆ. ಆದ್ರೆ ನೀನು ಒಂದು ಲೋಟ ನೀರು ಕೊಟ್ರೂ ಈಗ ನಾನು ಒಮ್ಮೆ ನೋಡಿ ಕುಡೀತೀನಿ. ಹಾಗೆ ನೋಡ್ಕೊಂಡು ಒಂದೇ ಮನೇಲಿ ಹೇಗಿರೋದು?"

ಅಕ್ಕ ಬಸ್ಸು ಬರುವ ದಾರಿಯತ್ತ ನೋಡಿದಳು. "ಯಾವತ್ತಾದ್ರೂ?" ಎಂದಳು.

"ಗೊತ್ತಿಲ್ಲ" ಎಂದಳು ಚಿಕ್ಕವಳು. ಅದಕ್ಕಿಂತ ಹೆಚ್ಚು ಹೇಳಿದ್ದರೆ ಸುಳ್ಳಾಗುತ್ತಿತ್ತು.

ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯ ಪಕ್ಕ ಜಾಗ ಸಿಕ್ಕಿ ಕೂತು, ಗಾಜು ಸರಿಸಲು ಒದ್ದಾಡುತ್ತಿದ್ದಳು. ಅದು ಸರಿಯುವುದರೊಳಗೆ ಬಸ್ಸು ಹೊರಟಿತು. ಚಿಕ್ಕವಳು ಅದು ತಿರುವು ದಾಟುವವರೆಗೆ ನಿಂತಿದ್ದು, ಮಧ್ಯಾಹ್ನದ ತಂಡ ಕಾಯುತ್ತಿದೆಯೆಂದು ನೆನಪಾಗಿ, ಬೇಗಬೇಗ ಹಿಂದಕ್ಕೆ ನಡೆದಳು.